ಬಸಜ್ಜಿಯ ಅಳು ಮತ್ತು ಅಡಿಕೆ ಧಾರಣೆ

ನಗು ಮನುಷ್ಯನಿಗೆ ಮಾತ್ರ ದೊರೆತ ವರವೆಂದೂ ನಗುವವರ ಆಯುಷ್ಯ ಹೆಚ್ಚುತ್ತದೆಂದೂ ಹಾಸ್ಯ ಸಂಜೆಗಳ ಅಧ್ಯಕ್ಷರು ತಪ್ಪದೆ ಹೇಳುತ್ತಾರೆ. ನಗಿಸುವವರ ಆಯುಷ್ಯದ ಬಗ್ಗೆ ಏನೂ ಹೇಳುವುದಿಲ್ಲ. ಹೇಳುವಷ್ಟು ಹೊತ್ತು ಅಲ್ಲಿರುವುದೂ ಇಲ್ಲ. ಭಾಷಣ ಮುಗಿಸಿ, ಶಾಲು ಹೊದ್ದು, ನಾವು ವೇದಿಕೆ ಹತ್ತುವುದರೊಳಗೆ ಅವರು ಕಾರು ಹತ್ತಿರುತ್ತಾರೆ.

ವೇದಿಕೆಯದು, ರೇಡಿಯೊದ್ದು ಎರಡೂ ಸೇರಿ ನನ್ನ ದುಡಿಮೆಯ ಕಾಲವೆಲ್ಲ ನಗಿಸುವುದರಲ್ಲೇ ಕಳೆಯಿತು. ಈಗ ನಿವೃತ್ತಳಾಗಿ ಶಿಕಾರಿಪುರದ ಮನೆಯಲ್ಲಿದ್ದೇನೆ. ಆಗಾಗ ಹುಡುಗಿಯರು ಮೊಬೈಲು ಹಿಡಿದು ಬರುತ್ತಾರೆ. "ಮೇಡಂ, ನಾವೂ ಕಾಮಿಡಿ ಮಾಡ್ಬೇಕು, ಟಿಪ್ಸ್ ಕೊಡಿ." ಚಹಾ ಕೊಡುತ್ತೇನೆ. ಟಿಪ್ಸ್ ಬದಲು ಒಂದೇ ಮಾತು ಹೇಳುತ್ತೇನೆ: ಇದು ಹೆದರಿಕೆಯ ಕೆಲಸ. ಅವರು ನಗುತ್ತಾರೆ, ನಾನು ತಮಾಷೆ ಮಾಡಿದೆನೆಂದು. ನಾನು ಹೇಳಿದ್ದೆಲ್ಲವೂ ತಮಾಷೆಯೆಂದುಕೊಳ್ಳುವ ಈ ಅಭ್ಯಾಸ ಒಮ್ಮೆ ಒಂದು ಮಗುವಿನ ಜೀವಕ್ಕೆ ಬರುವುದರಲ್ಲಿತ್ತು. ಅದನ್ನು ಬರೆಯಲೆಂದೇ ಕೂತಿದ್ದೇನೆ. ಆದರೆ ನಾನು ಹತ್ತಿದ್ದು ಕೆಂಪು ಬಸ್ಸು. ದಾರಿಯಲ್ಲಿ ಒಂದೆರಡು ಕಡೆ ನಿಲ್ಲುತ್ತದೆ.

ಮೊದಲ ಹೆದರಿಕೆ ಅವ್ವನದು. ನಮ್ಮದು ಶಿಕಾರಿಪುರದಲ್ಲಿ ಕಾಳುಕಡಿ ವ್ಯಾಪಾರದ ಮನೆ. ಊರಿನ ಹವ್ಯಾಸಿ ನಾಟಕ ಸಂಘದಲ್ಲಿ ಹಾಸ್ಯದ ಹೆಂಗಸಿನ ಪಾತ್ರವನ್ನು ಒಬ್ಬ ಟೈಲರ್ ಮಾಡುತ್ತಿದ್ದ. ನಾಟಕ ಹತ್ತಿರ ಬಂದಾಗ ಅವನಿಗೆ ಕಾಮಾಲೆಯಾಯಿತು. ಕಲಾಸೇವೆಗೆ ನನ್ನ ಪ್ರವೇಶ ಆದದ್ದು ಹಾಗೆ, ಇನ್ನೊಬ್ಬರ ಪಿತ್ತಜನಕಾಂಗದ ಮೂಲಕ.

"ಸ್ಟೇಜಿನ ಮ್ಯಾಲೆ ಅತ್ರೆ ಜನ ಪಾಪ ಅಂತಾರ. ನಗ್ಸಿದ್ರ ಏನಂತಾರ ಗೊತ್ತೈತೇನ್ ನಿಂಗ?" ಎಂದಳು ಅವ್ವ.

"ಏನಂತಾರವ್ವಾ?"

"ಅದನ್ನ ನನ್ನ ಬಾಯಿಂದ ಹೇಳಿಸ್ಬ್ಯಾಡ."

ಅವಳು ಕೊನೆಯವರೆಗೂ ಹೇಳಲಿಲ್ಲ. ಬೇರೆಯವರು ಹೇಳಿದರು.

ಎರಡನೆಯ ಹೆದರಿಕೆ ತೊಗರ್ಸಿಯಲ್ಲಿ ಸಿಕ್ಕಿತು. ಅಲ್ಲಿನ ಸಭೆಯಲ್ಲಿ ನನ್ನ ಪಾತ್ರಕ್ಕೆ ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಊರಿನ ಹಿರಿಯರೊಬ್ಬರು ಕೂತಿದ್ದರು. ನಾನು ಮಾತು ಒಗೆದಾಗಲೆಲ್ಲ ಇಡೀ ಸಭೆ ಮೊದಲು ಅವರ ಮುಖ ನೋಡುತ್ತಿತ್ತು. ಆ ಮುಖ ಕಲ್ಲಾಗಿತ್ತು, ಆದ್ದರಿಂದ ಸಭೆಯೂ ಕಲ್ಲಾಗುತ್ತಿತ್ತು. ನಗದ ಜನರ ಮುಂದೆ ನಿಂತವರಿಗಷ್ಟೇ ಆ ಭಯ ಗೊತ್ತು. ಸ್ವಂತ ಕೈ ಯಾರದೋ ಕೈಯ ಹಾಗೆ ಕಾಣುತ್ತದೆ. ಪರದೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ನಾಟಕ ಮುಗಿದ ಮೇಲೆ ಆ ಹಿರಿಯರೇ ಹುಡುಕಿಕೊಂಡು ಬಂದರು.

"ಹೊಟ್ಟಿ ಹುಣ್ಣಾಗಂಗ ನಕ್ಕೆ ನೋಡು ತಂಗೀ!"

"ಯಾವಾಗ್ರೀ?"

"ಒಳಗs ನಕ್ಕೆ. ಹಿರ್ಯಾರಾದವ್ರು ಬಾಯಿ ಬಿಟ್ಟು ನಗಬಾರ್ದಲ್ಲ."

ನಮ್ಮ ಸಂಘದ ಹಿರಿಯ ನಟ ಶೇಖರಪ್ಪ ಮೇಷ್ಟ್ರು ಅಂದು ನನಗೆ ಕಲಿಸಿದ ವಿದ್ಯೆಯನ್ನು ಇಲ್ಲಿ ಬರೆದಿಡುತ್ತೇನೆ. "ಮಾತು ಎಲ್ಲಾರೂ ಆಡ್ತಾರವ್ವಾ, ನೀನು ನಿಲ್ಸೋದು ಕಲಿ. ಸಭೆ ಕೈ ತಪ್ತು ಅನ್ನಿಸ್ತೋ, ಬಾಯಿ ಮುಚ್ಚು. ಯಾವುದಾದ್ರೂ ಒಂದು ವಸ್ತು ಮ್ಯಾಲೆ ಕಣ್ಣಿಟ್ಟು ನಿಂತುಬಿಡು. ಅದೇನು ಅಂತ ನೋಡಾಕ ಅವ್ರೂ ಸುಮ್ನಾಗ್ತಾರ."

ಮುಂದೆ ನಾನು ಉದ್ಘೋಷಕಿಯಾಗಿ ಸೇರಿದ ರೇಡಿಯೊದಲ್ಲಿ ಆ ವಿದ್ಯೆ ಕೆಲಸಕ್ಕೆ ಬರಲಿಲ್ಲ. ರೇಡಿಯೊದಲ್ಲಿ ಸುಮ್ಮನಿರುವುದು ಅಪರಾಧ. ನಮ್ಮ ನಿಲಯದಲ್ಲಿ ಕೃಷಿ ಕಾರ್ಯಕ್ರಮಗಳ ಮುಖ್ಯಸ್ಥರಾಗಿದ್ದವರು ನಾಗರಾಜಯ್ಯನವರು. ಕುತ್ತಿಗೆಗೆ ಸ್ಟಾಪ್‌ವಾಚು ನೇತುಹಾಕಿಕೊಂಡಿರುತ್ತಿದ್ದರು. ಉದ್ಘೋಷಕಿ ಉಸಿರೆಳೆದುಕೊಳ್ಳಲು ನಿಂತರೂ ಗಾಜಿನ ಆಚೆಯಿಂದ ಅದನ್ನು ಎತ್ತಿ ತೋರಿಸುತ್ತಿದ್ದರು. ಗಾಳಿಯಲ್ಲಿ ಮೌನ ಕೇಳಿಸಿದರೆ ಲಿಖಿತ ವಿವರಣೆ ಕೊಡಬೇಕಿತ್ತು. ಕೆಮ್ಮು ಬಂದಿತ್ತೆಂದು ಬರೆದರೆ, ಕೆಮ್ಮಿದ್ದು ಯಾಕೆ ಕೇಳಿಸಲಿಲ್ಲ ಎಂದು ಇನ್ನೊಂದು ವಿವರಣೆ ಕೇಳುತ್ತಿದ್ದರು.

ನನ್ನ ರೇಡಿಯೊ ಪಾತ್ರ ಬಸಜ್ಜಿ ಹುಟ್ಟಿದ್ದೂ ಮೌನದ ಭಯದಿಂದಲೇ. ಎರೆಹುಳು ಗೊಬ್ಬರದ ಬಗ್ಗೆ ನೇರಪ್ರಸಾರದಲ್ಲಿ ಮಾತಾಡಬೇಕಿದ್ದ ಅಧಿಕಾರಿ ಬರಲಿಲ್ಲ. ಕೆಂಪು ದೀಪ ಹತ್ತಿತು, ನಾಗರಾಜಯ್ಯನವರ ಕೈ ಸ್ಟಾಪ್‌ವಾಚಿನತ್ತ ಹೋಯಿತು. ನನಗೆ ಗೊಬ್ಬರದ ಬಗ್ಗೆ ಗೊತ್ತಿದ್ದದ್ದು ಅದು ನಾರುತ್ತದೆಂಬುದಷ್ಟೇ. ಗಾಬರಿಯಲ್ಲಿ ನನ್ನ ಗಂಟಲಿನಿಂದ ಒಬ್ಬಳು ಮುದುಕಿ ಹೊರಬಂದಳು. ಎರೆಹುಳುವನ್ನು ಅಳಿಯನಿಗೆ ಹೋಲಿಸಿ, ಯಾರು ಹೆಚ್ಚು ಕೆಲಸ ಮಾಡುತ್ತಾರೆಂದು ಲೆಕ್ಕ ಹಾಕಿ, ಹುಳುವನ್ನು ಗೆಲ್ಲಿಸಿ ಒಳಗೆ ಹೋದಳು. ಅಲ್ಲಿಂದ ಮುಂದೆ ಅವಳು ರೇಡಿಯೊ ಬಿಟ್ಟು ಹೋಗಲೇ ಇಲ್ಲ. ಸುತ್ತಿನ ಹಳ್ಳಿಗಳಲ್ಲಿ ಬಸಜ್ಜಿ ನಿಜವಾಗಿ ಇದ್ದಾಳೆಂದೇ ನಂಬಿದ್ದರು. ಒಬ್ಬರು ಚೀಲದ ತುಂಬ ಅವರೆಕಾಯಿ ತಂದು, "ಬಸಜ್ಜಿ ಕೈಗೇ ಕೊಡ್ಬೇಕು" ಎಂದು ಕೂತರು. ನಾನೇ ಬಸಜ್ಜಿ ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಚೀಲವನ್ನು ವಾಪಸು ತೆಗೆದುಕೊಂಡು ಹೋದರು.

ಕೆಲಸದ ರೀತಿ ಬದಲಾದದ್ದರ ಬಗ್ಗೆ ಒಂದು ಮಾತು ಹೇಳಲೇಬೇಕು, ಮುಂದಿನದಕ್ಕೆ ಅದು ಬೇಕು. ನಾನು ಸೇರಿದಾಗ ಧ್ವನಿಯನ್ನು ಟೇಪಿನಲ್ಲಿ ಹಿಡಿದು, ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದೆವು. ಬೇಡವಾದ ಮಾತು ಕಂದು ರಿಬ್ಬನ್ನಾಗಿ ನೆಲದ ಮೇಲೆ ಬಿದ್ದಿರುತ್ತಿತ್ತು. ನಮ್ಮದೇ ಮಾತನ್ನು ತುಳಿದುಕೊಂಡು ಓಡಾಡುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು, ನೆಲ ಚೊಕ್ಕಟವಾಯಿತು. ಏನನ್ನು ಕತ್ತರಿಸಿದರೆಂದು ತಿಳಿಯುವ ದಾರಿಯೂ ಮುಚ್ಚಿತು.

ಇನ್ನು ಮಂಗನ ಕಾಯಿಲೆ. ಜಗತ್ತಿನ ವೈದ್ಯರ ಪುಸ್ತಕಗಳಲ್ಲಿ ಸೊರಬ ತಾಲ್ಲೂಕಿಗೆ ಸಿಕ್ಕಿರುವ ಗೌರವ ಇದೊಂದೇ. ಆ ಜ್ವರಕ್ಕೆ ಅಲ್ಲಿಯ ಕಾಡಿನ ಹೆಸರನ್ನೇ ಇಟ್ಟಿದ್ದಾರೆ. ಕಾಡಿನಲ್ಲಿ ಮಂಗ ಸಾಯುತ್ತದೆ, ಮೈ ತಣ್ಣಗಾದ ಮೇಲೆ ಅದರ ರಕ್ತ ಕುಡಿಯುತ್ತಿದ್ದ ಉಣುಗುಗಳು ಇಳಿದು ಬೇರೆ ಬಿಸಿ ಮೈ ಹುಡುಕುತ್ತವೆ. ಕಚ್ಚಿಸಿಕೊಂಡವರಿಗೆ ಜ್ವರ, ತಲೆ ಸಿಡಿತ, ಕೆಲವರಿಗೆ ವಸಡಿನಲ್ಲಿ ರಕ್ತ. ಕೆಲವರು ಮನೆಗೆ ವಾಪಸು ಬರುವುದಿಲ್ಲ. ಸತ್ತ ಮಂಗವನ್ನು ಮುಟ್ಟದೆ ಆಸ್ಪತ್ರೆಗೆ ಸುದ್ದಿ ಕೊಡಬೇಕು. ಆದರೆ ನಮ್ಮ ಹಳ್ಳಿಗಳಲ್ಲಿ ಸತ್ತ ಮಂಗ ಎಂದರೆ ತೀರಿಕೊಂಡ ಹನುಮಪ್ಪ. ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಭಜನೆ ಮಾಡಿ ಮಣ್ಣು ಮಾಡುತ್ತಾರೆ. ಮನೆಯ ಹಿರಿಯರಿಗೆ ಮಾಡಿದ ಹಾಗೆಯೇ, ಕೆಲವು ಮನೆಗಳಲ್ಲಿ ಹಿರಿಯರಿಗಿಂತ ಚೆನ್ನಾಗಿ.

ಈ ಕಾಯಿಲೆ ಜೋರಾದ ಒಂದು ಬೇಸಿಗೆಯಲ್ಲಿ ನಾಗರಾಜಯ್ಯನವರು ನನ್ನನ್ನು ಕರೆದರು. "ಶಕುಂತಲಾ ಅವರೇ, ಜನಕ್ಕೆ ಗಾಬರಿ ಆಗಬಾರದು, ಎಚ್ಚರ ಆಗಬೇಕು. ಬಸಜ್ಜಿ ಕೈಲಿ ಹೇಳಿಸಿ."

ಹೇಳಿಸಿದೆ. ಹೆಣದ ಮುಂದೆ ಹೆಂಗಸರು ಸತ್ತವರ ಗುಣಗಾನ ಮಾಡುತ್ತ ಹಾಡಿಕೊಂಡು ಅಳುವುದು ನಮ್ಮ ಕಡೆ ಇದೆ. ಬಸಜ್ಜಿ ಹಾಗೆಯೇ ಒಂದು ಮಂಗನಿಗೆ ಅತ್ತಳು. "ನನ್ನ ಹೆಂಚು ಒಡದಾಂವ್ನೇ, ಹಿತ್ತಲ ಬಾಳಿಗೊನಿ ಹೊತ್ತಾಂವ್ನೇ, ಇನ್ನ ಯಾರಿಗೆ ಕಲ್ಲು ಬೀಸ್ಲೋ ನನ್ನಪ್ಪಾ!" ಕೊನೆಯಲ್ಲಿ ಕಣ್ಣೊರೆಸಿಕೊಂಡು ಗಟ್ಟಿ ದನಿಯಲ್ಲಿ ಹೇಳುತ್ತಾಳೆ: "ನಾನು ಅತ್ತಿದ್ದು ದೂರ ಕುಂತು. ನೀವೂ ದೂರ ಇರ್ರಿ. ಆಸ್ಪತ್ರಿಗೆ ಸುದ್ದಿ ಮುಟ್ಟಿಸ್ರಿ." ಇಡೀ ಕಾರ್ಯಕ್ರಮ ಇದ್ದದ್ದು ಈ ಮಾತಿಗಾಗಿ.

ಪ್ರಸಾರದ ದಿನ ಕಾರ್ಯಕ್ರಮ ಅರ್ಧ ನಿಮಿಷ ಉದ್ದವಾಯಿತು. ಅದರ ಬೆನ್ನಿಗೇ ಅಡಿಕೆ ಧಾರಣೆ. ಈ ಸೀಮೆಯಲ್ಲಿ ಸೂರ್ಯ ತಡವಾಗಿ ಹುಟ್ಟಿದರೆ ಜನ ಸಹಿಸಿಕೊಂಡಾರು, ಅಡಿಕೆ ಧಾರಣೆ ತಡವಾದರೆ ಸಹಿಸುವುದಿಲ್ಲ. ನಾಗರಾಜಯ್ಯನವರು ಕೊನೆಯ ಅರ್ಧ ನಿಮಿಷವನ್ನು ಕತ್ತರಿಸಿದರು. ನೆಲದ ಮೇಲೆ ಏನೂ ಬೀಳಲಿಲ್ಲ, ನನಗೂ ತಿಳಿಯಲಿಲ್ಲ. ಜನ ಕೇಳಿದ್ದು ಅಳುವನ್ನು ಮಾತ್ರ.

ವಾರ ಕಳೆದಿರಲಿಲ್ಲ, ಬೆಳಿಗ್ಗೆ ನಿಲಯಕ್ಕೆ ಫೋನು ಬಂತು. ಸೊರಬ ತಾಲ್ಲೂಕಿನ ಜಡೆ ಕಡೆಯ ಒಂದು ಹಳ್ಳಿಯ ಚನ್ನಪ್ಪಗೌಡರು.

"ಬಸಜ್ಜಿ ಅದಾರೇನ್ರೀ?"

"ನಾನೇ ಮಾತಾಡ್ತಿರೋದು."

"ದನಿ ಸಣ್ಣದೈತಲ್ರೀ?"

ಮುದುಕಿಯ ದನಿ ತೆಗೆದೆ.

"ಹಾಂ, ಈಗ ಗೊತ್ತಾತು. ನಮಸ್ಕಾರ್ರೀ ಅಜ್ಜೀ. ನಮ್ಮೂರಾಗ ಹನುಮಪ್ಪ ತೀರಿಕೊಂಡಾನ. ಗುಡಿ ಮುಂದ ಕುಂದ್ರಿಸೇವಿ. ಮೊನ್ನೆ ರೇಡಿಯೊದಾಗ ಹೆಂಗ ಅತ್ರೀ ಅಂತೀನಿ! ನಮ್ಮ ಮನಿ ಹೆಣ್ಮಕ್ಳು ಒಲಿ ಮುಂದ ಕುಂತು ಅತ್ರು. ನೀವs ಬಂದು ಅಳಬೇಕು. ಊರ ಮರ್ಯಾದಿ ಪ್ರಶ್ನೆ."

ಬಸಜ್ಜಿಯ ಕೊನೆಯ ಮಾತನ್ನು ಅವರು ಕೇಳಿಯೇ ಇಲ್ಲವೆಂದು ಆಗ ಹೊಳೆಯಿತು. "ಗೌಡ್ರೇ, ಯಾರೂ ಮುಟ್ಟಬೇಡಿ. ನಾನು ಬರೋತನಕ ಏನೂ ಮಾಡಬೇಡಿ" ಎಂದೆ.

"ಇಲ್ರೀ. ನೀವು ಬರೋಮಟ ಊರಿಗೆ ಊರೇ ಕಾಯ್ತೈತಿ" ಎಂದು ಫೋನಿಟ್ಟರು.

ನಿಲಯದ ಜೀಪು ಹತ್ತಿ ಹೊರಟೆ. ಶಿರಾಳಕೊಪ್ಪ ದಾಟಿದಾಗ ಆ ಮಾತಿನ ಅರ್ಥ ನನ್ನೊಳಗೆ ಇಳಿಯಿತು. ಕಾಯುವುದೆಂದರೆ ಎಲ್ಲಿ? ಹೆಣದ ಸುತ್ತ. ನಾನು ಬರುತ್ತೇನೆಂದು ಹೇಳದಿದ್ದರೆ ಇಷ್ಟು ಹೊತ್ತಿಗೆ ಮಣ್ಣು ಮಾಡಿರುತ್ತಿದ್ದರೋ ಏನೋ. ಈಗ ನನಗಾಗಿ ಇಡೀ ಊರು ಮಂಗನ ಸುತ್ತ ಮೈಗೆ ಮೈ ತಾಗಿಸಿ ಕೂತಿರುತ್ತದೆ. ಗೌಡರಿಗೆ ಮತ್ತೆ ಮತ್ತೆ ಫೋನು ಮಾಡಿದೆ, ಭಜನೆಯ ಗದ್ದಲಕ್ಕೋ ಏನೋ ಎತ್ತಲಿಲ್ಲ. ಆರೋಗ್ಯ ಇಲಾಖೆಗೆ ತಿಳಿಸಿದೆ. ಅವರ ತಂಡ ಇನ್ನೊಂದು ಊರಿನಲ್ಲಿ ಇನ್ನೊಂದು ಮಂಗನ ಬಳಿ ಇತ್ತು. ಹೊರಟು ಬರುತ್ತೇವೆ ಎಂದರು. ತೊಗರ್ಸಿ ಹೋಯಿತು. ಆನವಟ್ಟಿಯಲ್ಲಿ ಸಂತೆಯ ಲಾರಿಗಳ ಹಿಂದೆ ಜೀಪು ಸಿಕ್ಕಿಕೊಂಡಿತು. ಕಾಡಿಗೆ ಹೋಗುವಾಗ ಆಸ್ಪತ್ರೆಯಲ್ಲಿ ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ, ಉಣುಗು ಹತ್ತುವುದಿಲ್ಲ ಎಂದು ವಾರವೆಲ್ಲ ರೇಡಿಯೊದಲ್ಲಿ ಹೇಳಿದವಳ ಬಳಿ ಆ ಎಣ್ಣೆ ಒಂದು ಹನಿಯೂ ಇರಲಿಲ್ಲ.

ಹನುಮಪ್ಪನ ಗುಡಿಯ ಮುಂದೆ ಊರು ಸೇರಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಗ ಕೂತಿತ್ತು. ಹೆಗಲಿಗೆ ಹೊಸ ಟವೆಲು, ಹಣೆಗೆ ವಿಭೂತಿ, ಕೊರಳಲ್ಲಿ ಸೇವಂತಿಗೆ, ಮಡಿಲಲ್ಲಿ ಬಾಳೆಹಣ್ಣು. ಕುರ್ಚಿಗೆ ತಾಗಿಕೊಂಡು ಚಾಪೆಯ ಮೇಲೆ ಐದು ವರ್ಷದ ಒಂದು ಹುಡುಗಿ ಕೂತು ಬೇವಿನ ಸೊಪ್ಪಿನಿಂದ ನೊಣ ಓಡಿಸುತ್ತಿದ್ದಳು. ಕೈ ಸೋತಾಗ ಮಂಗನ ತೊಡೆಗೆ ಒರಗುತ್ತಿದ್ದಳು.

"ನನ್ನ ಮೊಮ್ಮಗಳು, ಸಿಂಚನಾ" ಎಂದರು ಚನ್ನಪ್ಪಗೌಡರು. "ಬೆಳಿಗ್ಗಿಂದ ಅಲ್ಲೇ ಕುಂತಾಳ್ರೀ. ಬಸಜ್ಜಿ ಬರೋಮಟ ಏಳಂಗಿಲ್ಲ ಅಂತಾಳ."

ಊರಿನ ಆಶಾ ಕಾರ್ಯಕರ್ತೆ ಮಂಜುಳಾ ಓಡಿಬಂದು ನನ್ನ ಕೈ ಹಿಡಿದಳು. "ಹೇಳಿ ಹೇಳಿ ನಂಗ ಸಾಕಾಗೇತ್ರೀ ಅಕ್ಕಾ. ಸುಮ್ನಿರು ಅಂತ ಬೈದ್ರು. ನಿಮ್ಮ ಮಾತಾದ್ರೂ ಕೇಳ್ತಾರ ಅಂತ ಕಾಯಾಕತ್ತೀನಿ."

ನಾನು ನನ್ನದೇ ದನಿಯಲ್ಲಿ, ಗಟ್ಟಿಯಾಗಿ ಹೇಳಿದೆ: "ಎಲ್ಲರೂ ಹಿಂದೆ ಸರಿಯಿರಿ. ಈ ಮಂಗನ ಮೈಯಿಂದ ಉಣುಗು ಇಳಿದಿರ್ತವೆ. ಅವು ಕಚ್ಚಿದ್ರೆ ಜ್ವರ ಬರುತ್ತೆ."

ಸಭೆ ಗೊಳ್ಳೆಂದು ನಕ್ಕಿತು.

"ಅಜ್ಜಿ ಇಳಿದ ಕೂಡ್ಲೇ ಶುರು ಹಚ್ಕಂತು ನೋಡ್ರೇ!" ಎಂದಳು ಮುಂದಿದ್ದ ಹೆಂಗಸು.

"ಉಣುಗು ನಮ್ಮ ಎಮ್ಮಿ ಮೈಮ್ಯಾಲೂ ಅದಾವಲ್ಲ ಅಜ್ಜೀ, ಅದಕ್ಕೂ ಅಳ್ತೀಯೇನ್?" ಎಂದ ಇನ್ನೊಬ್ಬ.

"ಜನ ಸತ್ತಿದ್ದಾರೆ! ನಾನು ತಮಾಷೆ ಮಾಡ್ತಾ ಇಲ್ಲ!" ಎಂದು ಕೂಗಿದೆ.

ನನ್ನ ವೃತ್ತಿಯ ಉದ್ದಕ್ಕೂ ಅಷ್ಟು ದೊಡ್ಡ ನಗೆ ನನಗೆ ಸಿಕ್ಕಿರಲಿಲ್ಲ. ಭಜನೆಯವನ ಕೈಯಿಂದ ತಾಳ ಜಾರಿತು. ಸಿಂಚನಾ ಬೇವಿನ ಸೊಪ್ಪಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ತೊಗರ್ಸಿಯಲ್ಲಿ ನಗದ ಜನರನ್ನು ಕಂಡು ಹೆದರಿದ್ದೆ. ನಗುವ ಜನರನ್ನು ಕಂಡು ಅದಕ್ಕಿಂತ ಹೆದರಬಹುದೆಂದು ಗೊತ್ತಿರಲಿಲ್ಲ. ನಾನು ಎಷ್ಟು ನಿಜ ಹೇಳುತ್ತೇನೋ ಅಷ್ಟು ನಗುತ್ತಾರೆ, ಅಷ್ಟೇ ಹತ್ತಿರ ಸರಿಯುತ್ತಾರೆ.

ಉಳಿದದ್ದು ಒಂದೇ ದಾರಿ. ಸೆರಗನ್ನು ತಲೆಗೆ ಎಳೆದುಕೊಂಡು, ಬೆನ್ನು ಬಾಗಿಸಿ, ಬಸಜ್ಜಿಯಾಗಿ ಎದೆ ಬಡಿದುಕೊಂಡು ನುಗ್ಗಿದೆ. "ಯಾರ ಹೆಣದ ತಲಿದೆಸಿಗೆ ಯಾರು ಕುಂತೀರೇ? ನನ್ನ ಮಗ ಇಂವ! ಏಳ್ರೇ, ಹಡದಾಕಿ ಬಂದೀನಿ, ಜಾಗ ಬಿಡ್ರೇ!"

ಹೆಣದ ಬಳಿ ಹೆತ್ತವಳಿಗೆ ಮೊದಲ ಜಾಗ. ಅದನ್ನು ಮೀರುವವರು ಆ ಊರಲ್ಲಿ ಯಾರೂ ಇರಲಿಲ್ಲ, ತಮಾಷೆಗೂ. ನಗುತ್ತಲೇ ಎದ್ದರು, ನಗುತ್ತಲೇ ಒಂದಷ್ಟು ಹಿಂದೆ ಸರಿದರು. ಸಾಲದು. ನಾನು ಚಾಪೆಯ ಮೇಲೆ ಕುಸಿದು ಕೂತು ಸಿಂಚನಾಳ ಕೈಯಿಂದ ಸೊಪ್ಪು ತೆಗೆದುಕೊಂಡೆ. ಆಗ ಕಂಡಿತು. ಅವಳ ಹಳದಿ ಫ್ರಾಕಿನ ತೋಳಿನ ಮೇಲೆ ಎಳ್ಳಿನಷ್ಟು ಗಾತ್ರದ್ದೊಂದು ನಡೆಯುತ್ತಿತ್ತು. ಮೇಲಕ್ಕೆ, ಕುತ್ತಿಗೆಯ ಕಡೆಗೆ, ಏನೂ ಅವಸರವಿಲ್ಲದೆ.

ನಾನು ಬಾಯಿ ಮುಚ್ಚಿದೆ. ಅದರ ಮೇಲೆ ಕಣ್ಣಿಟ್ಟು ಕೂತುಬಿಟ್ಟೆ.

ಒಬ್ಬರಿಬ್ಬರು ನಕ್ಕರು. ಉಳಿದವರು ಮುಂದಿನ ಮಾತಿಗೆ ಕಾದರು. ನಾನು ಆಡಲಿಲ್ಲ. ಮುಂದಿದ್ದ ಹೆಂಗಸು ನನ್ನ ಕಣ್ಣಿನ ಜಾಡು ಹಿಡಿದು ಮಗುವಿನ ತೋಳು ನೋಡಿದಳು. ಆಮೇಲೆ ಎಲ್ಲರೂ ನೋಡಿದರು. ನಗು ನಿಂತಿತು. ನಾಗರಾಜಯ್ಯನವರು ಅಲ್ಲಿದ್ದಿದ್ದರೆ ಸ್ಟಾಪ್‌ವಾಚು ಒಡೆದುಹೋಗುತ್ತಿತ್ತು, ಅಂಥ ಮೌನ. ಸಭೆ ನಗಲಿಲ್ಲವೆಂದು ನಾನು ಸಂತೋಷಪಟ್ಟದ್ದು ಬಾಳಿನಲ್ಲಿ ಆಗ ಮಾತ್ರ.

ಚನ್ನಪ್ಪಗೌಡರು ಬಗ್ಗಿ ನೋಡಿದರು. ಮಗುವಿನ ಮುಂಗೈಯಲ್ಲಿ ಇನ್ನೊಂದಿತ್ತು.

"ಖರೇನೇನ್ರೀ?" ಎಂದರು, ಪಿಸುದನಿಯಲ್ಲಿ.

"ಖರೇನ್ರೀ."

ಮಂಜುಳಾ ಅಷ್ಟರಲ್ಲಿ ಬಂದಿದ್ದಳು. ಬೆರಳಿನಿಂದ ಹೊಸಕಬೇಡಿ ಎಂದು ಚಿಮುಟದಿಂದ ಅವನ್ನು ಬಿಡಿಸಿದಳು, ಫ್ರಾಕು ಕಳಚಿಸಿದಳು. ಅಜ್ಜ ಮೊಮ್ಮಗಳನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದರು. ಇದ್ದವರೆಲ್ಲ ತಂತಮ್ಮ ಪಂಚೆ, ಲಂಗ ಕೊಡವಿಕೊಳ್ಳುತ್ತ ರಸ್ತೆಯ ಆಚೆಗೆ ಹೋದರು. ಊರಿನ ಬಚ್ಚಲ ಹಂಡೆಗಳಿಗೆಲ್ಲ ಒಟ್ಟಿಗೆ ಬೆಂಕಿ ಬಿತ್ತು. ನಾನು ಮಾತ್ರ ಚಾಪೆ ಬಿಟ್ಟು ಏಳಲಿಲ್ಲ. ಎದ್ದರೆ ಯಾರಾದರೂ ಮರಳಿ ಬಂದು ಕೂರುತ್ತಾರೆಂಬ ಹೆದರಿಕೆ.

ಇಲಾಖೆಯವರು ಬಂದು ಸುತ್ತ ಉಣುಗು ಸಾಯುವ ಪುಡಿ ಎರಚಿ, ಗವಸು ತೊಟ್ಟು ಮಂಗನಿಂದ ಪರೀಕ್ಷೆಗೆ ಬೇಕಾದ್ದನ್ನು ತೆಗೆದುಕೊಂಡು, ಸುಡಲು ತಯಾರಿ ಮಾಡಿದರು. ಒದ್ದೆ ತಲೆಯಲ್ಲೇ ಹೊರಬಂದ ಗೌಡರು ಅಡ್ಡ ನಿಂತರು. "ನಾಯಿ ಹೆಣ ಸುಟ್ಟಂಗ ಸುಡಬ್ಯಾಡ್ರಿ. ದೂರ ನಿಂದರ್ತೀವಿ. ಆದ್ರ ಬಸಜ್ಜಿ ಅಳಬೇಕು. ಕರಸಿದ್ದೇ ಅದಕ್ಕ."

ರಸ್ತೆಯ ಆಚೆಯಿಂದ ಅತ್ತೆ. ಅವೇ ಸಾಲುಗಳು: ಹೆಂಚು ಒಡೆದವನೇ, ಗೊನೆ ಹೊತ್ತವನೇ. ಈ ಸಲ ಯಾರೂ ನಗಲಿಲ್ಲ. ಹೆಂಗಸರು ದನಿಗೂಡಿಸಿದರು. ಕತ್ತರಿಸಿ ಎಸೆದಿದ್ದ ಕೊನೆಯ ಮಾತನ್ನೂ ಸೇರಿಸಿ ಅತ್ತು ಮುಗಿಸಿದೆ.

ಆಮೇಲಿನದು ಕಾಯುವ ಭಯ. ಜ್ವರ ಬರುವುದಿದ್ದರೆ ಒಂದೆರಡು ವಾರದೊಳಗೆ ಬರುತ್ತದೆ ಎಂದಿದ್ದರು. ಮಗುವನ್ನು ಈಗಾಗಲೇ ಕಚ್ಚಿತ್ತೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ಬೆಳಿಗ್ಗೆ ಸ್ಟುಡಿಯೊಗೆ ಹೋಗುವ ಮುಂಚೆ ಗೌಡರಿಗೆ ಫೋನು ಮಾಡುತ್ತಿದ್ದೆ.

"ಮೈ ಬಿಸಿ ಐತೇನ್ರೀ?"

"ಇಲ್ರೀ. ನಿಮ್ಮಂಗ ಎದಿ ಬಡಕಂಡು ಅಳಾದು ಕಲ್ತಾಳ. ಮನಿ ಮಂದಿಗೆಲ್ಲ ಒಬ್ಬೊಬ್ರಿಗೇ ಅಳಾಕತ್ತಾಳ."

ನಗಬೇಕಾದ ಮಾತು. ಫೋನು ಇಟ್ಟು ಗೋಡೆ ಹಿಡಿದು ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಗೋಡೆ ಹಿಡಿದರೂ ನಿಲ್ಲಲಾಗಲಿಲ್ಲ. ತಲೆಯನ್ನು ಯಾರೋ ಒಳಗಿನಿಂದ ಒಡೆಯುತ್ತಿದ್ದರು. ಮಂಗನ ಪರೀಕ್ಷೆಯ ವರದಿ ಆ ವಾರವೇ ಬಂತು, ಅದರಲ್ಲಿ ರೋಗವಿತ್ತು. ನನ್ನ ವರದಿ ಆಮೇಲೆ ಬಂತು, ಅದರಲ್ಲೂ ಇತ್ತು. ನನ್ನನ್ನು ಸೊರಬ ತಾಲ್ಲೂಕಿನ ರೋಗಿಯೆಂದು ಎಣಿಸಬೇಕೋ ಶಿಕಾರಿಪುರದವಳೆಂದೋ ಎಂಬ ವಿಚಾರ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಚರ್ಚೆಯಾಗುತ್ತಿತ್ತು. ಎರಡು ತಾಲ್ಲೂಕುಗಳೂ ನನ್ನನ್ನು ಉದಾರವಾಗಿ ಬಿಟ್ಟುಕೊಡಲು ಸಿದ್ಧವಿದ್ದವು.

ನಾಗರಾಜಯ್ಯನವರು ಆಸ್ಪತ್ರೆಗೆ ಬಂದರು. ಕುರ್ಚಿ ಎಳೆದುಕೊಂಡು ಕೂತರು. ಕುತ್ತಿಗೆಯಲ್ಲಿ ಸ್ಟಾಪ್‌ವಾಚು ಇತ್ತು, ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ರೇಡಿಯೊದಲ್ಲಾಗಿದ್ದರೆ ಲಿಖಿತ ವಿವರಣೆ ಕೊಡಬೇಕಾದಷ್ಟು ಹೊತ್ತು. ಕೊನೆಗೆ ಎದ್ದು, "ಆ ಅರ್ಧ ನಿಮಿಷ ದಿನಾ ಹಾಕಿಸ್ತಿದೀನಿ, ಶಕುಂತಲಾ. ಅಡಿಕೆ ಧಾರಣೆಗಿಂತ ಮುಂಚೆ" ಎಂದು ಹೊರಟರು.

ಈ ಕೆಲಸಕ್ಕೆ ಬರುವ ಹುಡುಗಿಯರೇ, ನಗಿಸುವುದನ್ನು ನೀವು ಹೇಗೂ ಕಲಿಯುತ್ತೀರಿ. ನಿಮ್ಮ ಮಾತನ್ನು ಜನ ನಂಬಲೇಬೇಕಾದ ದಿನ ಏನು ಮಾಡುತ್ತೀರೆಂಬುದನ್ನೂ ಸ್ವಲ್ಪ ಯೋಚಿಸಿಟ್ಟುಕೊಂಡಿರಿ.

ನನ್ನ ಜ್ವರ ಎರಡು ಸಲ ಬಂದು ಹೋಯಿತು. ಮೈಗೆ ಮೊದಲಿನ ಬಲ ಬರಲಿಲ್ಲ, ಬಸಜ್ಜಿಯ ದನಿಗೂ ಬರಲಿಲ್ಲ. ಮುಂದಿನ ವರ್ಷ ಆ ಕಾರ್ಯಕ್ರಮ ನಿಂತಿತು. ಸಿಂಚನಾಗೆ ಜ್ವರ ಬರಲಿಲ್ಲ. ಈಗ ಅವಳು ಬಸ್ಸಿನಲ್ಲಿ ಆನವಟ್ಟಿಯ ಹೈಸ್ಕೂಲಿಗೆ ಹೋಗಿಬರುತ್ತಾಳೆ.